ಒಳಗೆ ಕೂರಬಹುದಾದ ಸ್ತೂಪ

ಸ್ತೂಪದ ಒಳಗೆ ಯಾರೂ ಹೋಗುವುದಿಲ್ಲ. ಸಾಂಚಿಯದಾಗಲಿ, ನಮ್ಮ ಸನ್ನತಿಯ ಮಗ್ಗುಲಿನ ಕನಗನಹಳ್ಳಿಯಲ್ಲಿ ಭೀಮಾ ದಂಡೆಯ ಮಣ್ಣಿನಡಿ ಸಿಕ್ಕಿದ್ದಾಗಲಿ, ಸ್ತೂಪದ ಹೊಟ್ಟೆ ಗಟ್ಟಿ. ನಡುವೆ ಧಾತುವನ್ನು, ಎಂದರೆ ಅಸ್ಥಿಯ ಅವಶೇಷವನ್ನು, ಇಟ್ಟು ಸುತ್ತಲೂ ಮಣ್ಣು, ಇಟ್ಟಿಗೆ, ಕಲ್ಲು ತುಂಬಿ ಮುಚ್ಚಿಬಿಡುತ್ತಾರೆ. ಭಕ್ತರಿಗೆ ಉಳಿಯುವುದು ಹೊರಗಿನ ಪ್ರದಕ್ಷಿಣೆ. ಯಾಂಗೋನ್ ನಗರದ ತಲೆಯ ಮೇಲೆ ಹೊಳೆಯುವ ಶ್ವೇಡಗೋನ್ ಪಗೋಡಕ್ಕೂ ಇದೇ ನಿಯಮ. ಮುಂಬಯಿಯ ಗೋರಾಯಿಯಲ್ಲಿ ನಿಂತಿರುವ ಗ್ಲೋಬಲ್ ವಿಪಶ್ಯನ ಪಗೋಡ ಅದೇ ಶ್ವೇಡಗೋನಿನ ಪಡಿಯಚ್ಚು. ಹೆಚ್ಚುಕಡಿಮೆ ಅದೇ ಎತ್ತರ, ಸುಮಾರು 325 ಅಡಿ. ಅದೇ ಗಂಟೆಯಾಕಾರ, ಅದೇ ಚಿನ್ನದ ಬಣ್ಣ. ಆದರೆ ಇದರ ಹೊಟ್ಟೆ ಖಾಲಿ. ಎಂಟು ಸಾವಿರ ಜನ ಒಟ್ಟಿಗೆ ಕಣ್ಣು ಮುಚ್ಚಿ ಕೂರುವಷ್ಟು ಖಾಲಿ.

ಈ ಪಗೋಡದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದರ ದಾಖಲೆಗಳಿಂದ ಶುರು ಮಾಡುತ್ತಾರೆ: ಕಂಬವಿಲ್ಲದ ಕಲ್ಲಿನ ಗುಮ್ಮಟಗಳಲ್ಲೆಲ್ಲ ದೊಡ್ಡದು, ಇಷ್ಟು ಅಡಿ, ಇಷ್ಟು ಕಲ್ಲು. ಆ ಲೆಕ್ಕವೂ ಬೇಕು, ಮುಂದೆ ಬರುತ್ತದೆ. ಆದರೆ ನನ್ನ ಮಟ್ಟಿಗೆ ಇದರ ಚರಿತ್ರೆ ಆ ಖಾಲಿ ಜಾಗದ ಚರಿತ್ರೆ. ಅದು ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಗೋರಾಯಿಯನ್ನು ಬಿಟ್ಟು ರಂಗೂನಿನ, ಎಂದರೆ ಇಂದಿನ ಯಾಂಗೋನಿನ, ಒಂದು ಸರಕಾರಿ ಕಚೇರಿಗೆ ಹೋಗಬೇಕು.

ಈ ಸ್ಮಾರಕ ಯಾರ ಹೆಸರಿನಲ್ಲಿ ಎದ್ದಿದೆಯೋ ಆ ಸಯಾಜಿ ಊ ಬಾ ಖಿನ್ ಭಿಕ್ಷುವಲ್ಲ. ಸಂಸಾರವಂದಿಗರು, ಅದರ ಮೇಲೆ ಲೆಕ್ಕಪತ್ರ ಇಲಾಖೆಯ ನೌಕರರು. 1899ರ ಮಾರ್ಚ್ 6ರಂದು ರಂಗೂನಿನ ಕಾರ್ಮಿಕರ ಬಡಾವಣೆಯೊಂದರಲ್ಲಿ, ಕೈಯಲ್ಲಿ ಹೆಚ್ಚೇನೂ ಇಲ್ಲದ ಮನೆಯಲ್ಲಿ ಹುಟ್ಟಿದವರು. ಓದಿನಲ್ಲಿ ಮುಂದಿದ್ದರೂ ಮನೆಯ ಒತ್ತಡಕ್ಕೆ ಕಾಲೇಜಿಗೆ ಹೋಗದೆ ಪತ್ರಿಕೆಯೊಂದರಲ್ಲಿ ಕೆಲಸಕ್ಕೆ ಸೇರಿದರು. ಸ್ವಲ್ಪ ಕಾಲದ ಮೇಲೆ ಅಕೌಂಟೆಂಟ್ ಜನರಲ್ ಕಚೇರಿಗೆ ಗುಮಾಸ್ತರಾಗಿ ಬಂದರು. ಇಲಾಖೆಯ ಪರೀಕ್ಷೆ ಪಾಸು ಮಾಡುತ್ತ, ಮೆಟ್ಟಿಲು ಮೆಟ್ಟಿಲಾಗಿ ಏರಿದರು. 1948ರ ಜನವರಿ 4ರಂದು ಬರ್ಮ ಸ್ವತಂತ್ರವಾದಾಗ ಹೊಸ ದೇಶದ ಮೊದಲ ಅಕೌಂಟೆಂಟ್ ಜನರಲ್ ಅವರೇ. ಗುಮಾಸ್ತರಾಗಿ ಹೊಕ್ಕ ಇಲಾಖೆಯ ತಲೆಯ ಮೇಲಿನ ಕುರ್ಚಿ ಅದು.

ಧ್ಯಾನ ಅವರ ಬಾಳಿಗೆ ಬಂದದ್ದು 1937ರ ಜನವರಿಯಲ್ಲಿ. ಸಯಾ ತೆಟ್‌ಜಿ ಎಂಬ ಗುರುಗಳ ಶಿಷ್ಯನೊಬ್ಬ ಆನಾಪಾನವನ್ನು, ಎಂದರೆ ಉಸಿರನ್ನು ಬರಿದೇ ಗಮನಿಸುವುದನ್ನು, ತೋರಿಸಿಕೊಟ್ಟ. ರುಚಿ ಹತ್ತಿತು. ಕೆಲವೇ ದಿನಗಳಲ್ಲಿ ನದಿ ದಾಟಿ ಗುರುಗಳ ಊರಾದ ಪ್ಯಾವ್‌ಬ್ವೆಜಿಗೆ ಹೋಗಿ ಶಿಬಿರದಲ್ಲಿ ಕುಳಿತರು. ಸಯಾ ತೆಟ್‌ಜಿ ಕೂಡ ಕಾವಿಯವರಲ್ಲ, ಒಕ್ಕಲು ಮಗ. ಅವರಿಗೆ ಕಲಿಸುವ ಅಪ್ಪಣೆ ಕೊಟ್ಟವರು ಬರ್ಮದ ಮಹಾವಿದ್ವಾಂಸ ಭಿಕ್ಷು ಲೆಡಿ ಸಯಾಡೊ. ವಿಹಾರಗಳ ಗೋಡೆಯೊಳಗಿದ್ದ ಅಭ್ಯಾಸವನ್ನು ಗೃಹಸ್ಥರ ಕೈಗೂ ಕೊಡಬಹುದೆಂದು ತೀರ್ಮಾನಿಸಿದವರು ಅವರು. ಪಾಂಡಿತ್ಯದ ತುದಿಯಲ್ಲಿದ್ದ ಭಿಕ್ಷುವೊಬ್ಬರು ಹೊಲದಲ್ಲಿ ದುಡಿವ ಮನುಷ್ಯನನ್ನು ಗುರುಪೀಠದಲ್ಲಿ ಕೂರಿಸಿದ್ದು, ಆತ ಆಫೀಸಿನ ಅಧಿಕಾರಿಗೆ ಕಲಿಸಿದ್ದು, ಆ ಅಧಿಕಾರಿ ಮುಂದೆ ಮಾರ್ವಾಡಿ ವ್ಯಾಪಾರಿಯೊಬ್ಬನಿಗೆ ಕಲಿಸಿದ್ದು, ಈ ಪರಂಪರೆ ನಡೆದ ದಾರಿ ಹೀಗಿದೆ. ಅದರಲ್ಲಿ ಜಾತಿ, ಕುಲ, ಕಾವಿಯ ಪ್ರಶ್ನೆ ಎಲ್ಲೂ ಅಡ್ಡ ಬರಲಿಲ್ಲವೆಂಬುದನ್ನು ನಮ್ಮ ಕಡೆಯ ಮಠಗಳ ಇತಿಹಾಸ ಬಲ್ಲವರು ಸುಮ್ಮನೆ ದಾಟಿ ಹೋಗಲಾರರು.

1941ರಲ್ಲಿ ಊ ಬಾ ಖಿನ್ ರೈಲ್ವೆಯ ಲೆಕ್ಕಪತ್ರ ಅಧಿಕಾರಿ. ತನಿಖೆಗೆಂದು ಹೊರಟ ಬೋಗಿ ಚೌಕ್ಸೆಯ ಸಮೀಪದ ನಿಲ್ದಾಣದಲ್ಲಿ ನಿಂತಿತು. ಪಕ್ಕದ ಗುಡ್ಡ ಹತ್ತಿ ಹೋದವರಿಗೆ ವೆಬು ಸಯಾಡೊ ಎಂಬ ಏಕಾಂತವಾಸಿ ಭಿಕ್ಷುವಿನ ಭೇಟಿಯಾಯಿತು. ಕಲಿತದ್ದನ್ನು ಇನ್ನು ಬೇರೆಯವರಿಗೆ ಕೊಡಲು ಶುರು ಮಾಡು ಎಂದು ಭಿಕ್ಷು ಹೇಳಿದರು. ಊ ಬಾ ಖಿನ್ ಅಲ್ಲೇ, ರೈಲು ನಿಲ್ದಾಣದಲ್ಲೇ, ತಮ್ಮ ಮೊದಲ ಪಾಠ ಹೇಳಿಕೊಟ್ಟರೆಂದು ಶಿಷ್ಯರು ನೆನೆಯುತ್ತಾರೆ.

ಅಕೌಂಟೆಂಟ್ ಜನರಲ್ ಆದ ಮೇಲೆ 1950ರಲ್ಲಿ ಕಚೇರಿಯೊಳಗೇ ವಿಪಶ್ಯನ ಧ್ಯಾನದ ಸಂಘ ಕಟ್ಟಿದರು. ಯುದ್ಧ ಮುಗಿದ, ಒಳಜಗಳಗಳಲ್ಲಿ ಬೇಯುತ್ತಿದ್ದ ದೇಶ, ಲಂಚ ಎಲ್ಲೆಲ್ಲೂ. ಆ ದಿನಗಳಲ್ಲಿ ಆಡಿಟ್ ಕಚೇರಿಯೊಂದರ ಕೋಣೆಯಲ್ಲಿ ಗುಮಾಸ್ತರು ಕಣ್ಣು ಮುಚ್ಚಿ ಕೂರುತ್ತಿದ್ದರು. ಮೇಲಧಿಕಾರಿಯ ಮರ್ಜಿಗಾಗಿ ಕೂತವರೂ ಇದ್ದಿರಬೇಕು. ಕಚೇರಿ ಎಂದ ಮೇಲೆ ಅದೂ ಇದ್ದದ್ದೇ. ಆದರೆ ಊ ಬಾ ಖಿನ್ ದಕ್ಷತೆಗೂ ಶುದ್ಧಹಸ್ತಕ್ಕೂ ಎಷ್ಟು ಹೆಸರಾದರೆಂದರೆ ಸರಕಾರ ಅವರನ್ನು ನಿವೃತ್ತಿಯ ವಯಸ್ಸು ದಾಟಿದರೂ ಬಿಡಲಿಲ್ಲ. ಒಂದೇ ಕಾಲಕ್ಕೆ ಹಲವು ಇಲಾಖೆಗಳ ಹೊಣೆ ಹೊರಿಸಿ 1967ರವರೆಗೆ ದುಡಿಸಿಕೊಂಡಿತು.

1952ರಲ್ಲಿ ರಂಗೂನಿನ ಇನ್ಯಾಮ್ಯಾಯಿಂಗ್‌ನಲ್ಲಿ ಇಂಟರ್‌ನ್ಯಾಷನಲ್ ಮೆಡಿಟೇಷನ್ ಸೆಂಟರ್ ತೆರೆಯಿತು. ಗುಡ್ಡದ ಮೇಲೊಂದು ಪುಟ್ಟ ಪಗೋಡ. ಅದರೊಳಗೆ ನಡುವೆ ಗುರುಗಳು ಕೂರುವ ಕೋಣೆ, ಸುತ್ತಲೂ ಎಂಟು ಗೂಡುಗಳು, ಒಂದೊಂದರಲ್ಲಿ ಸಾಧಕರು. ಗೋರಾಯಿಯ ಖಾಲಿ ಜಾಗದ ಮೂಲ ಇದು. ಸಂಜೆ ಕಚೇರಿಯಿಂದ ಬಂದವರು, ಹತ್ತು ದಿನ ರಜೆ ಹಾಕಿ ಬಂದವರು ಎಲ್ಲಿ ಕೂರಬೇಕು? ಪಗೋಡದ ಒಳಗೇ ಕೂರಲಿ ಎಂದರು ಸಯಾಜಿ. ಸ್ತೂಪವನ್ನು ಬಳಸಿ ಸುತ್ತುವ ರೂಢಿಯಿದ್ದ ನಾಡಿನಲ್ಲಿ ಅದರ ಹೊಟ್ಟೆಯನ್ನೇ ತೆರೆದು ಕೆಲಸದ ಜಾಗ ಮಾಡಿದ್ದು ಲೆಕ್ಕದ ಮನುಷ್ಯನ ಬುದ್ಧಿಗೆ ಹೊಂದುವ ಏರ್ಪಾಡು: ಬಳಕೆಗೆ ಬಾರದ ಜಾಗ ಇರಬಾರದು.

ಅವರಿಗೊಂದು ಹಂಬಲವಿತ್ತು. ಬುದ್ಧನ ಪರಿನಿರ್ವಾಣಕ್ಕೆ ಎರಡೂವರೆ ಸಾವಿರ ವರ್ಷ ತುಂಬಿದಾಗ ಧಮ್ಮ ಮತ್ತೆ ಹುಟ್ಟೂರಿಗೆ ಮರಳುತ್ತದೆ ಎಂಬ ನಂಬಿಕೆ ಬರ್ಮದಲ್ಲಿ ಬಹಳ ಹಿಂದಿನದು. ಭಾರತದಿಂದ ಪಡೆದದ್ದನ್ನು ಭಾರತಕ್ಕೆ ತೀರಿಸಬೇಕು, ಅಲ್ಲಿ ವಿದ್ಯೆಯೇ ಅಳಿದುಹೋಗಿದೆ ಎಂದು ಅವರು ಹೇಳುತ್ತಿದ್ದರು. 1954ರಿಂದ 1956ರವರೆಗೆ ರಂಗೂನಿನಲ್ಲಿ ನಡೆದ ಛಟ್ಠ ಸಂಗಾಯನ, ಎಂದರೆ ಆರನೆಯ ಮಹಾಸಂಗೀತಿ, ಆ ನಂಬಿಕೆಗೆ ಇನ್ನಷ್ಟು ಬಲ ಕೊಟ್ಟಿತು. ದೇಶದೇಶಗಳ ಭಿಕ್ಷುಗಳು ಕೂಡಿ ಪಾಳಿ ತಿಪಿಟಕವನ್ನು ಮತ್ತೆ ಓದಿ, ಪಾಠ ತಿದ್ದಿ, ಒಪ್ಪಿಕೊಂಡ ಸಭೆ ಅದು. ಆ ಸಂಗಾಯನದಲ್ಲಿ ಪಾಲ್ಗೊಂಡಿದ್ದವರಲ್ಲಿ ಒಬ್ಬರಾದ ಆಚಾರ್ಯ ಬುದ್ಧರಕ್ಖಿತರು 1956ರಲ್ಲಿ ಬೆಂಗಳೂರಿನ ಗಾಂಧಿನಗರದಲ್ಲಿ ಮಹಾಬೋಧಿ ಸೊಸೈಟಿ ಕಟ್ಟಿದರೆಂಬುದನ್ನು ಇಲ್ಲಿ ನೆನೆಯಬಹುದು.

ಊ ಬಾ ಖಿನ್ ಸ್ವತಃ ಬರಲಾಗಲಿಲ್ಲ. 1962ರಲ್ಲಿ ನೆ ವಿನ್ ಅವರ ಸೈನ್ಯ ಅಧಿಕಾರ ಹಿಡಿದ ಮೇಲೆ ಬರ್ಮದ ಬಾಗಿಲುಗಳು ಒಂದೊಂದಾಗಿ ಮುಚ್ಚಿದವು. ಪಾಸ್‌ಪೋರ್ಟ್ ಎಂಬುದು ಕೈಗೆಟುಕದ ವಸ್ತುವಾಯಿತು. ತೀರಿಸಬೇಕಾದ ಬಾಕಿಯನ್ನು ಶಿಷ್ಯನ ಕೈಯಲ್ಲಿ ಕಳಿಸಬೇಕಾಗಿ ಬಂತು.

ಆ ಶಿಷ್ಯ ಸತ್ಯನಾರಾಯಣ ಗೋಯೆಂಕಾ. 1924ರಲ್ಲಿ ಮಾಂಡಲೆಯಲ್ಲಿ ಹುಟ್ಟಿದ, ಅಲ್ಲಿನ ಭಾರತೀಯರ ನಡುವೆ ಮುಂದಾಳಾಗಿ ಬೆಳೆದ ವ್ಯಾಪಾರಿ, ಕಟ್ಟಾ ಸನಾತನಿ ಮನೆತನ. ಅರೆತಲೆನೋವು ಮಾರ್ಫಿನ್ ಚುಚ್ಚಿಸಿಕೊಳ್ಳುವ ಮಟ್ಟಕ್ಕೆ ಹೋಗಿತ್ತು. ಜಪಾನ್, ಯುರೋಪ್, ಅಮೆರಿಕದ ವೈದ್ಯರೂ ಕೈಚೆಲ್ಲಿದ್ದರು. 1955ರಲ್ಲಿ ಸ್ನೇಹಿತರ ಮಾತಿಗೆ ಸಯಾಜಿಯ ಬಳಿ ಹೋದರೆ ಅವರು ಸೇರಿಸಿಕೊಳ್ಳಲು ಮೊದಲು ಒಪ್ಪಲೇ ಇಲ್ಲ. ತಲೆನೋವಿಗೆ ಮದ್ದು ಬೇಕಿದ್ದರೆ ಆಸ್ಪತ್ರೆಗೆ ಹೋಗು. ಮನಸ್ಸಿನ ಮೈಲಿಗೆ ತೊಳೆಯಬೇಕಿದ್ದರೆ ಇಲ್ಲಿಗೆ ಬಾ. ಅವರ ಮಾತಿನ ಸಾರ ಇಷ್ಟು. ಗೋಯೆಂಕಾ ಬಂದು ಕುಳಿತರು, ಹದಿನಾಲ್ಕು ವರ್ಷ ಗುರುಗಳ ಬಳಿ ಕಲಿತರು. ಈ ನಡುವೆ ಸೈನಿಕ ಸರಕಾರ ಅವರ ಉದ್ಯಮಗಳನ್ನೆಲ್ಲ ರಾಷ್ಟ್ರೀಕರಣ ಮಾಡಿತು. ಕಳೆದುಕೊಂಡದ್ದೇ ಒಳ್ಳೆಯದಾಯಿತು, ಕೂರಲು ಸಮಯ ಸಿಕ್ಕಿತು ಎಂದು ಆಮೇಲೆ ಅವರು ಹೇಳುತ್ತಿದ್ದರು.

1969ರಲ್ಲಿ ಭಾರತದಲ್ಲಿದ್ದ ತಾಯಿಗೆ ಕಾಯಿಲೆ ಎಂಬ ಕಾರಣಕ್ಕೆ ಗೋಯೆಂಕಾರಿಗೆ ಪ್ರಯಾಣದ ಅನುಮತಿ ಸಿಕ್ಕಿತು. ಹೊರಡುವ ಮುನ್ನ ಗುರುಗಳು ಅವರಿಗೆ ಆಚಾರ್ಯ ಪದವಿ ಕೊಟ್ಟರು. ಆ ವರ್ಷದ ಜುಲೈ 3ರಂದು ಬೊಂಬಾಯಿಯ ಪಂಚಾಯತಿ ವಾಡಿ ಎಂಬ ಧರ್ಮಶಾಲೆಯಲ್ಲಿ ಮೊದಲ ಹತ್ತು ದಿನದ ಶಿಬಿರ. ಕುಳಿತವರು ಅವರ ತಂದೆ ತಾಯಿಯೂ ಸೇರಿ ಹದಿನಾಲ್ಕು ಜನ. ಅಲ್ಲಿಂದ ಒಂದೂವರೆ ವರ್ಷವಾದ ಮೇಲೆ, 1971ರ ಜನವರಿ 19ರಂದು, ಊ ಬಾ ಖಿನ್ ರಂಗೂನಿನಲ್ಲಿ ತೀರಿಕೊಂಡರು. ಶಿಷ್ಯನನ್ನು ಮತ್ತೆ ಕಾಣಲಿಲ್ಲ, ಭಾರತದ ನೆಲವನ್ನೂ ಮುಟ್ಟಲಿಲ್ಲ.

ಮುಂದಿನದು ಬೇಗ ಬೆಳೆದ ಕತೆ. ಇಗತಪುರಿಯ ಧಮ್ಮಗಿರಿಯಲ್ಲಿ 1976ರಿಂದ ಶಿಬಿರಗಳು. ಅಲ್ಲಿಯೂ ನೂರಾರು ಶೂನ್ಯಾಗಾರಗಳ, ಎಂದರೆ ಒಬ್ಬೊಬ್ಬರೇ ಕೂರುವ ಗೂಡುಗಳ, ಪಗೋಡ. ಜೈಲುಗಳಲ್ಲಿ, ಪೊಲೀಸ್ ತರಬೇತಿ ಶಾಲೆಗಳಲ್ಲಿ, ದೇಶವಿದೇಶಗಳಲ್ಲಿ ಕೇಂದ್ರಗಳು. ನಮ್ಮಲ್ಲಿ ತುಮಕೂರು ರಸ್ತೆಯಿಂದ ಒಳಕ್ಕೆ ಆಲೂರಿನಲ್ಲಿರುವ ಧಮ್ಮ ಪಫುಲ್ಲ ಅದೇ ಬಳ್ಳಿಯ ಕುಡಿ. ಹತ್ತು ದಿನ ಮಾತಿಲ್ಲ, ಫೋನಿಲ್ಲ, ಫೀಸಿಲ್ಲ. ಬೆಳಿಗ್ಗೆ ನಾಲ್ಕಕ್ಕೆ ಗಂಟೆ. ಐ.ಟಿ. ಹುಡುಗರಿಂದ ನಿವೃತ್ತ ಮೇಷ್ಟ್ರುಗಳವರೆಗೆ ಅಲ್ಲಿ ಕೂತು ಬಂದ ಕನ್ನಡಿಗರು ಈಗ ಊರೂರಲ್ಲಿ ಸಿಗುತ್ತಾರೆ.

ಗುರುವಿಗೆ ಕೃತಜ್ಞತೆಯಾಗಿ ಏನನ್ನಾದರೂ ಕಟ್ಟಬೇಕೆಂಬ ಯೋಜನೆ 1997ರಲ್ಲಿ ಕುದುರಿತು. ಕೆಲಸ ಶುರುವಾದದ್ದು 2000ದಲ್ಲಿ. ಜಾಗ ದಾನವಾಗಿ ಬಂತು. ಗೋರಾಯಿ ಖಾರಿಗೂ ಅರಬ್ಬಿ ಸಮುದ್ರಕ್ಕೂ ನಡುವಿನ ಚಾಚಿನಲ್ಲಿ ಎಸ್ಸೆಲ್‌ವರ್ಲ್ಡ್ ಎಂಬ ಮನರಂಜನಾ ಉದ್ಯಾನ ನಡೆಸುತ್ತಿದ್ದ ಉದ್ಯಮಿ ಸುಭಾಷ್ ಚಂದ್ರ ವಿಪಶ್ಯನ ಸಾಧಕರೂ ಹೌದು. ಉದ್ಯಾನದ ಮಗ್ಗುಲಿನ ನೆಲವನ್ನು ಕೊಟ್ಟರು. ಹೀಗಾಗಿ ಬಹುಕಾಲ ಒಂದೇ ದೋಣಿಯಲ್ಲಿ ಜಾರುಬಂಡೆಗೆ ಹೋಗುವ ಮಕ್ಕಳೂ ಮೌನಕ್ಕೆ ಹೋಗುವ ಸಾಧಕರೂ ಖಾರಿ ದಾಟುತ್ತಿದ್ದರು. ದೊಡ್ಡ ಧ್ಯಾನಮಂದಿರಕ್ಕೆ ಇದೆಂಥ ನೆರೆ ಎಂದು ಮೂಗು ಮುರಿದವರಿದ್ದರು. ನನಗೆ ಮಾತ್ರ ರೈಲು ನಿಲ್ದಾಣದಲ್ಲಿ ಪಾಠ ಶುರು ಮಾಡಿದ ಗುರುವಿನ ಸ್ಮಾರಕಕ್ಕೆ ಇದು ತಕ್ಕ ನೆರೆಯಾಗಿಯೇ ಕಂಡಿದೆ. ಮನರಂಜನಾ ಉದ್ಯಾನ ಮುಚ್ಚಿತು, ಪಗೋಡ ಉಳಿದಿದೆ.

ಕಟ್ಟುವ ವಿಧಾನದಲ್ಲಿ ಗೋಯೆಂಕಾ ಒಂದು ಹಟ ಹಿಡಿದರು. ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಬೇಡ. ಸಮುದ್ರದ ಉಪ್ಪುಗಾಳಿಯಲ್ಲಿ ಸರಳಿಗೆ ತುಕ್ಕು ಹಿಡಿದರೆ ಕಾಂಕ್ರೀಟಿನ ಆಯುಸ್ಸು ನೂರು ವರ್ಷದ ಸುತ್ತಮುತ್ತ. ಇದು ಸಾವಿರಾರು ವರ್ಷ ನಿಲ್ಲಬೇಕು, ಹಳಬರು ಕಟ್ಟಿದಂತೆ ಕಲ್ಲು ಗಾರೆಯಲ್ಲೇ ಆಗಬೇಕು. ಬುನಾದಿಗೆ ಕರಿಕಲ್ಲು, ಗುಮ್ಮಟಕ್ಕೆ ರಾಜಸ್ಥಾನದ ಮರಳುಗಲ್ಲು. ಒಂದೊಂದು ಕಲ್ಲು 600ರಿಂದ 700 ಕಿಲೋ. ಪ್ರತಿ ಕಲ್ಲಿಗೂ ತೋಡು ಮತ್ತು ನಾಲಗೆ ಕಡೆದು, ಎಡಬಲದ ಕಲ್ಲಿಗೂ ಮೇಲೆ ಕೆಳಗಿನ ಕಲ್ಲಿಗೂ ಕಚ್ಚಿಸಿ, ಸಂದಿಗೆ ಸುಣ್ಣದ ಗಾರೆ ತುಂಬಿದರು. ಒಂದು ಸುತ್ತು ಮುಚ್ಚಿಕೊಂಡರೆ ಆ ಬಳೆ ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಅದರ ಮೇಲೆ ಕೊಂಚ ಒಳಕ್ಕೆ ಬಾಗಿದ ಇನ್ನೊಂದು ಸುತ್ತು. ಹೀಗೆ ಏರುತ್ತ ಹೋದ ಗುಮ್ಮಟದ ಒಳ ಅಡ್ಡಳತೆ ಸುಮಾರು 85 ಮೀಟರ್, ನಡುವೆ ಒಂದೂ ಕಂಬವಿಲ್ಲ.

ಕನ್ನಡದ ಓದುಗರಿಗೆ ಈ ಅಳತೆ ಮನಸ್ಸಿಗೆ ನಾಟಬೇಕಾದರೆ ವಿಜಯಪುರಕ್ಕೆ ಹೋಗಬೇಕು. ಪಗೋಡದವರೇ ತಮ್ಮ ಗುಮ್ಮಟವನ್ನು ಹೋಲಿಸಿ ನೋಡುವುದು ನಮ್ಮ ಗೋಲ್ ಗುಂಬಜಿನ ಜೊತೆ. ಹದಿನೇಳನೆಯ ಶತಮಾನದಲ್ಲಿ ಮಹಮ್ಮದ್ ಆದಿಲ್ ಶಾಹನ ಸಮಾಧಿಯ ಮೇಲೆ ಎದ್ದ ಆ ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಗೋರಾಯಿಯದು ಅದರ ಎರಡರಷ್ಟಕ್ಕೂ ಮಿಗಿಲು. ಆದರೆ ಅಳತೆಯಲ್ಲಿ ಗೆದ್ದ ಮಾತ್ರಕ್ಕೆ ಜಾಣ್ಮೆಯಲ್ಲಿ ಗೆದ್ದಂತಲ್ಲ ಎಂಬುದು ನನ್ನ ಪಕ್ಷಪಾತದ ಅಭಿಪ್ರಾಯ. ಚೌಕ ಗೋಡೆಗಳ ಮೇಲೆ ದುಂಡು ಗುಮ್ಮಟವನ್ನು ಹೊರಿಸಲು ಒಂದಕ್ಕೊಂದು ಹೆಣೆದುಕೊಂಡ ಕಮಾನುಗಳನ್ನು ಎಬ್ಬಿಸಿದ ವಿಜಯಪುರದ ಗೌಂಡಿಗಳ ಬಳಿ ಕ್ರೇನೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ. ಇನ್ನೊಂದು ವ್ಯತ್ಯಾಸ ಶಾಲಾ ಪ್ರವಾಸಕ್ಕೆ ಹೋಗಿ ಬಂದ ಯಾರಿಗಾದರೂ ಗೊತ್ತು: ಗೋಲ್ ಗುಂಬಜಿಗೆ ಜನ ಕೂಗಲಿಕ್ಕೇ ಹೋಗುತ್ತಾರೆ.

2006ರ ಅಕ್ಟೋಬರ್ 29ರಂದು ಮೂರು ಗುಮ್ಮಟಗಳಲ್ಲಿ ಮೊದಲನೆಯದರ ನಡುನೆತ್ತಿಯ ಕಲ್ಲು ಕೂತಿತು. ಬುದ್ಧನ ಅಸ್ಥಿಧಾತುಗಳನ್ನು ಆ ಕಲ್ಲಿನಲ್ಲೇ ಇಟ್ಟರು. ಭಾರತದ ಮಹಾಬೋಧಿ ಸೊಸೈಟಿ ಮತ್ತು ಶ್ರೀಲಂಕಾದ ಪ್ರಧಾನಿ ಕೊಟ್ಟ ಧಾತುಗಳು ಅವು. ಮೂಲ ಆಂಧ್ರದ ಗುಂಟೂರು ಸೀಮೆಯ ಭಟ್ಟಿಪ್ರೋಲು ಸ್ತೂಪವೆಂದು ಹೇಳುತ್ತಾರೆ. ಅಲ್ಲಿನ ಕರಂಡಗಳ ಮೇಲಿನ ಬ್ರಾಹ್ಮಿ ಬರಹ ದಕ್ಷಿಣದ ಲಿಪಿಗಳ ಚರಿತ್ರೆ ಓದಿದವರಿಗೆಲ್ಲ ಪರಿಚಿತ. ಹಳೆಯ ಸ್ತೂಪಗಳಲ್ಲಿ ಧಾತು ಗರ್ಭದಲ್ಲಿರುತ್ತದೆ, ಮನುಷ್ಯರು ಹೊರಗೆ ಸುತ್ತುತ್ತಾರೆ. ಇಲ್ಲಿ ಧಾತು ನೆತ್ತಿಗೆ ಏರಿದೆ, ಗರ್ಭದಲ್ಲಿ ಮನುಷ್ಯರು ಕೂರುತ್ತಾರೆ. ಕಣ್ಣೆದುರು ಪೂಜೆಗೆ ಏನೂ ಇಲ್ಲ. ಕೈಮುಗಿಯಬೇಕೆಂದು ಬಂದವರಿಗೆ ತುಸು ನಿರಾಸೆಯಾಗುವ ಹಾಗೇ ಕಟ್ಟಿದ್ದಾರೆ.

ಎರಡನೆಯ, ಮೂರನೆಯ ಗುಮ್ಮಟಗಳು ಮೊದಲನೆಯದರ ಬೆನ್ನ ಮೇಲೇರಿದವು. 2008ರ ನವೆಂಬರಿನಲ್ಲಿ ಮೂರನೆಯದೂ ಮುಗಿಯಿತು. ಶಿಖರಕ್ಕೆ ನಿಜವಾದ ಚಿನ್ನ, ಉಳಿದುದಕ್ಕೆ ಚಿನ್ನದ ಬಣ್ಣ. ತುದಿಯ ಛತ್ರ ಬರ್ಮದವರ ಕಾಣಿಕೆ. ಮುಂಬಾಗಿಲ ಮರದ ಕದಗಳನ್ನು ಕೆತ್ತಿದ್ದೂ ಅಲ್ಲಿಯೇ. ಚಿನ್ನದ ಬಗ್ಗೆ ನನಗೊಂದು ಮುಜುಗರವಿದೆ, ಹೇಳಿಬಿಡುತ್ತೇನೆ. ಎಂಟು ಗೂಡುಗಳ ಪುಟ್ಟ ಪಗೋಡದಲ್ಲಿ ಬೆರಳೆಣಿಕೆಯ ಶಿಷ್ಯರನ್ನು ಕೂರಿಸಿ ಪಾಠ ಹೇಳಿದ, ಒಂದು ಕಾಸಿನ ಲೆಕ್ಕ ತಪ್ಪಿದರೂ ಸಹಿಸದ ಮನುಷ್ಯನಿಗೆ ಹತ್ತು ಮೈಲಿಯಾಚೆಗೂ ಮಿರುಗುವ ಈ ಬೆಡಗು ಬೇಕಿತ್ತೇ? ಗೋಯೆಂಕಾರ ಉತ್ತರ ಸಿದ್ಧವಿತ್ತು. ಇದು ಗುರುವಿನ ವೈಭವಕ್ಕಲ್ಲ. ಜನರ ಕಣ್ಣು ಸೆಳೆಯಲಿ, ಇದೇನೆಂದು ಕೇಳಲಿ, ಕೇಳಿದವರಲ್ಲಿ ಕೆಲವರಾದರೂ ಶಿಬಿರಕ್ಕೆ ಬರಲಿ. ಜೊತೆಗೆ, ವಿದ್ಯೆಯನ್ನು ಎರಡು ಸಾವಿರ ವರ್ಷ ಕಾಪಿಟ್ಟ ಬರ್ಮವನ್ನು ಭಾರತ ಮರೆಯದಿರಲಿ. ಆಕಾರವನ್ನು ಶ್ವೇಡಗೋನಿನಿಂದಲೇ ತಂದದ್ದಕ್ಕೆ ಕಾರಣ ಅದು. ಉತ್ತರದ ಎರಡನೆಯ ಭಾಗ ನನಗೆ ಪೂರ್ತಿ ಒಪ್ಪಿಗೆ, ಮೊದಲನೆಯದರ ಬಗ್ಗೆ ಸಂದೇಹ ಉಳಿದಿದೆ. ಬಂದವರಲ್ಲಿ ಬಹಳ ಮಂದಿ ಫೋಟೊ ತೆಗೆದುಕೊಂಡು ಹೊರಡುತ್ತಾರೆ, ಊ ಬಾ ಖಿನ್ ಯಾರೆಂದು ಕೇಳುವುದಿಲ್ಲ. ಗೋಯೆಂಕಾರ ಪಗೋಡ ಎಂದೇ ಅದು ಬಾಯಿಮಾತಿನಲ್ಲಿ ನಿಂತಿದೆ.

2008ರ ಡಿಸೆಂಬರ್ 21ರಂದು ಗೋಯೆಂಕಾರ ಸಮ್ಮುಖದಲ್ಲಿ ಗುಮ್ಮಟದೊಳಗೆ ಮೊದಲ ಒಂದು ದಿನದ ಶಿಬಿರ ನಡೆಯಿತು. ಅಂದಿನ ರಾಷ್ಟ್ರಪತಿ ಪ್ರತಿಭಾ ಪಾಟೀಲ್ ವಿಧ್ಯುಕ್ತವಾಗಿ ಉದ್ಘಾಟಿಸಿದ್ದು 2009ರ ಫೆಬ್ರವರಿ 8ರಂದು. ಉದ್ಘಾಟನೆಗೆ ಮೊದಲೇ ಕಟ್ಟಡ ಬಳಕೆಗೆ ಬಂದಿತ್ತು ಎಂಬುದು ಗಮನಿಸತಕ್ಕದ್ದು. ಗೋಯೆಂಕಾ 2013ರ ಸೆಪ್ಟೆಂಬರ್ 29ರಂದು ಮುಂಬಯಿಯ ತಮ್ಮ ಮನೆಯಲ್ಲಿ ತೀರಿಕೊಂಡರು.

ಗುಮ್ಮಟದೊಳಗೆ ಯಾರು ಕೂರಬಹುದು ಎಂಬ ಬಗ್ಗೆ ಈಗಲೂ ದೂರುಗಳು ಕೇಳಿಬರುತ್ತವೆ. ಪ್ರವೇಶಕ್ಕೆ ದುಡ್ಡಿಲ್ಲ, ಜಾತಿಮತದ ಪ್ರಶ್ನೆಯಿಲ್ಲ. ಆದರೆ ಒಂದು ಹತ್ತು ದಿನದ ಶಿಬಿರವನ್ನಾದರೂ ಮುಗಿಸಿದವರಿಗಷ್ಟೇ ಒಳಗೆ ಜಾಗ. ಮಿಕ್ಕವರು ಗಾಜಿನ ಗೋಡೆಯ ಈಚೆ ನಿಂತು ಒಳಗಿನ ಬಯಲನ್ನು ನೋಡಬಹುದು, ಬುದ್ಧನ ಜೀವನದ ಚಿತ್ರಶಾಲೆ ಸುತ್ತಬಹುದು, ಹೊರಗಿನ ಪ್ರತ್ಯೇಕ ಜಾಗದಲ್ಲಿ ಆನಾಪಾನದ ಕಿರುಪಾಠ ಕೇಳಬಹುದು. ಅಷ್ಟು ದೂರ ಬಂದು ಗಾಜಿಗೆ ಮೂಗು ಒತ್ತಿ ನಿಲ್ಲಬೇಕಾದವರಿಗೆ ಸಿಟ್ಟು ಬರುವುದು ಸಹಜ. ಆದರೂ ನಿಯಮ ಸಡಿಲವಾದರೆ ಒಂದೇ ವರ್ಷದಲ್ಲಿ ಇದೊಂದು ದೊಡ್ಡ ಪ್ರತಿಧ್ವನಿ ಗುಮ್ಮಟವಾಗುತ್ತದೆ. ಅಂಥದ್ದೊಂದು ನಮ್ಮಲ್ಲಿ ಆಗಲೇ ಇದೆ.

ಈ ಸ್ಮಾರಕ ಒಂದೇ ಊ ಬಾ ಖಿನ್ ಅವರ ನೆನಪು ಹೊತ್ತಿದೆ ಎಂದಲ್ಲ. ಅವರ ಇನ್ನೊಂದು ಶಿಷ್ಯಶಾಖೆ ಇಂಗ್ಲೆಂಡಿನ ಹೆಡ್ಡಿಂಗ್ಟನ್ ಎಂಬ ಹಳ್ಳಿಯಲ್ಲಿ ಬರ್ಮಾ ಮಾದರಿಯ ಪಗೋಡ ಕಟ್ಟಿಕೊಂಡಿದೆ. ಯಾಂಗೋನಿನ ಮೂಲ ಕೇಂದ್ರವೂ ಇದೆ. ಕಲ್ಲಿನದಲ್ಲದ ಒಂದು ಕಟ್ಟಡವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಗತಪುರಿಯ ವಿಪಶ್ಯನ ವಿಶೋಧನ ವಿನ್ಯಾಸವು ಛಟ್ಠ ಸಂಗಾಯನದ ಪಾಳಿ ತಿಪಿಟಕವನ್ನು ದೇವನಾಗರಿಯಲ್ಲಿ ಅಚ್ಚು ಹಾಕಿದ್ದಲ್ಲದೆ ಹಲವು ಲಿಪಿಗಳಲ್ಲಿ ಗಣಕಕ್ಕೂ ಏರಿಸಿತು. ಅವುಗಳಲ್ಲಿ ಕನ್ನಡ ಲಿಪಿಯೂ ಒಂದು. ಧಮ್ಮಪದದಿಂದ ಅಟ್ಠಕಥೆಗಳವರೆಗೆ ಮೂಲ ಪಾಳಿಯನ್ನು ನಾವು ನಮ್ಮದೇ ಅಕ್ಷರದಲ್ಲಿ, ಬಿಡಿಗಾಸು ಕೊಡದೆ ಓದಬಹುದು. ಎಷ್ಟು ಜನ ಓದುತ್ತಿದ್ದೇವೆ ಎಂಬುದು ಬೇರೆ ಮಾತು. ನಮ್ಮ ವಿಶ್ವವಿದ್ಯಾಲಯಗಳ ಪಾಳಿ ವಿಭಾಗಗಳ ಅವಸ್ಥೆ ಬಲ್ಲವರಿಗೆ ವಿವರಿಸಬೇಕಿಲ್ಲ.

ಜನವರಿಯಲ್ಲಿ, ಊ ಬಾ ಖಿನ್ ತೀರಿಕೊಂಡ ದಿನದ ಆಸುಪಾಸಿನ ಭಾನುವಾರ, ಗುಮ್ಮಟದೊಳಗೆ ಒಂದು ದಿನದ ಮಹಾಶಿಬಿರ ನಡೆಯುತ್ತದೆ. ಇಂಥವು ಬುದ್ಧಪೂರ್ಣಿಮೆಗೆ, ಆಷಾಢ ಹುಣ್ಣಿಮೆಗೆ, ಶರತ್ ಹುಣ್ಣಿಮೆಗೆ ಇನ್ನೂ ಇವೆ. ಗೋಯೆಂಕಾರ ಪತ್ನಿ ಇಲಾಯಚಿದೇವಿಯವರು 2016ರ ಜನವರಿಯಲ್ಲಿ ತೀರಿಕೊಂಡ ಮೇಲೆ ಅವರ ನೆನಪೂ ಆ ಭಾನುವಾರಕ್ಕೆ ಸೇರಿದೆ. ಭಾಷಣವಿಲ್ಲ, ಹಾರವಿಲ್ಲ, ಫೋಟೊಗೆ ದೀಪ ಬೆಳಗುವುದಿಲ್ಲ. ಹೆಸರು ಮೊದಲೇ ನೋಂದಾಯಿಸಬೇಕು. ಬೆಳಿಗ್ಗೆ ಹನ್ನೊಂದಕ್ಕೆ ಕೂತರೆ ಏಳುವುದು ಸಂಜೆ ನಾಲ್ಕಕ್ಕೆ.